ಭಯದ ಬೆಲೆ, ಬಂಗಾರದ ಬೆಲೆ

ಭಯಗೊಂಡವನಿಗೆ ಬಂಗಾರವನ್ನು ಮಾರುವುದು ನ್ಯಾಯವಾದ ವ್ಯಾಪಾರವೇ? ಭಯದಿಂದ ಕೊಂಡ ಬಂಗಾರವು ಕೊಂಡವನನ್ನು ರಕ್ಷಿಸುವುದೇ, ಅಥವಾ ಅವನೇ ರಕ್ಷಿಸಬೇಕಾದ ಇನ್ನೊಂದು ಹೊರೆಯಾಗಿ ಅವನ ಹೆಗಲೇರುವುದೇ? ಈ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಪೇಟೆಯ ಪ್ರಶ್ನೆಗಳಂತೆ ಕಂಡರೂ ವಾಸ್ತವವಾಗಿ ಶ್ರಾವಕಧರ್ಮದ ಪ್ರಶ್ನೆಗಳು. ತಲೆಮಾರುಗಳಿಂದ ವ್ಯಾಪಾರವನ್ನು ಜೀವನೋಪಾಯವಾಗಿ ಉಳ್ಳ ನಮ್ಮ ಸಮಾಜವು ಇವನ್ನು ಪರರ ವಿಚಾರಕ್ಕೆ ಬಿಟ್ಟು ಸುಮ್ಮನಿರುವಂತಿಲ್ಲ. ಇವುಗಳ ಪರೀಕ್ಷೆಗೆ 1999ನೆಯ ಇಸವಿಗಿಂತ ಉತ್ತಮವಾದ ಒರೆಗಲ್ಲು ದೊರೆಯುವುದು ಕಷ್ಟ.

ಆ ವರ್ಷವಿಡೀ ಜಗತ್ತನ್ನು ಕಾಡಿದ ಭೀತಿ ಕಂಪ್ಯೂಟರ್‌ಗಳದು. ಹಿಂದೆ ಯಂತ್ರದ ಸ್ಮೃತಿಯಲ್ಲಿ ಜಾಗವು ಬಹಳ ದುಬಾರಿಯಾಗಿದ್ದುದರಿಂದ ಇಸವಿಯನ್ನು ನಾಲ್ಕು ಅಂಕಿಗಳಲ್ಲಿ ಬರೆಯದೆ ಕೊನೆಯ ಎರಡು ಅಂಕಿಗಳಲ್ಲಷ್ಟೇ ಬರೆಯುವ ರೂಢಿ ಬೆಳೆದಿತ್ತು. 1999 ಎಂಬುದು 99 ಆಗಿ, 2000 ಎಂಬುದು 00 ಆಗಿ ನಮೂದಾದರೆ ಯಂತ್ರವು ಅದನ್ನು 1900 ಎಂದು ಭ್ರಮಿಸೀತು; ಬಡ್ಡಿಯ ಲೆಕ್ಕ, ವಿಮೆಯ ಅವಧಿ, ವಿದ್ಯುತ್ತಿನ ಹಂಚಿಕೆ, ವಿಮಾನಗಳ ಸಂಚಾರ ಎಲ್ಲವೂ ಒಂದೇ ರಾತ್ರಿಯಲ್ಲಿ ಅಸ್ತವ್ಯಸ್ತವಾದಾವು ಎಂಬುದು ಆತಂಕದ ತಿರುಳು. 'ವೈ-ಟೂ-ಕೆ' ಎಂಬ ಹೆಸರಿನಿಂದ ಅದು ಹಳ್ಳಿಯ ಶಾಲೆಗಳವರೆಗೂ ಮುಟ್ಟಿತ್ತು. ಬ್ಯಾಂಕುಗಳು ಮುಚ್ಚಿದರೆ ಕೈಯಲ್ಲಿರುವ ಚಿನ್ನ ಬೆಳ್ಳಿಗಳೇ ಗತಿ ಎಂಬ ಉಪದೇಶ ಅಮೆರಿಕದಲ್ಲಿ ಬಲವಾಗಿ ಹರಡಿತು. ಅಲ್ಲಿನ ಸರ್ಕಾರಿ ಟಂಕಸಾಲೆಯು ಮಾರುವ ಈಗಲ್ ಚಿನ್ನದ ನಾಣ್ಯಗಳು 1999ರಲ್ಲಿ ಸುಮಾರು 20 ಲಕ್ಷ ಔನ್ಸ್‌ಗಳಷ್ಟು ಮಾರಾಟವಾದವು. 1964ರವರೆಗೆ ಅಚ್ಚಾದ, ನೂರಕ್ಕೆ 90 ಭಾಗ ಬೆಳ್ಳಿಯಿದ್ದ ಹಳೆಯ ಚಿಲ್ಲರೆ ನಾಣ್ಯಗಳನ್ನು ಜನರು ಚೀಲಗಟ್ಟಲೆ ಕೊಂಡು ಮನೆಯಲ್ಲಿಟ್ಟುಕೊಂಡರು.

ಹಾಗಾದರೆ ಬಂಗಾರದ ಪೇಟೆ ಧಾರಣೆಯು ಭಯದೊಡನೆ ಗಗನಕ್ಕೇರಿರಬೇಕಲ್ಲವೇ? ಏರಲಿಲ್ಲ. ವರ್ಷಾರಂಭದಲ್ಲಿ ಔನ್ಸ್ ಒಂದಕ್ಕೆ 290 ಡಾಲರ್‌ಗಳ ಆಸುಪಾಸಿನಲ್ಲಿದ್ದ ಬೆಲೆ ಆಗಸ್ಟ್ ವೇಳೆಗೆ 255 ಡಾಲರ್‌ಗಳಿಗೂ ಕೆಳಗಿಳಿದಿತ್ತು. ಕಾರಣ, ಬ್ರಿಟನ್ ಸರ್ಕಾರವು ತನ್ನ ಸಂಗ್ರಹದ 415 ಟನ್ ಬಂಗಾರವನ್ನು ಹರಾಜು ಹಾಕುವುದಾಗಿ 1999ರ ಮೇ 7ರಂದು ಘೋಷಿಸಿದ್ದು. ಸೆಪ್ಟೆಂಬರ್ 26ರಂದು ಯುರೋಪಿನ 15 ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸುಮಾರು 400 ಟನ್‌ಗಳಿಗಿಂತ ಹೆಚ್ಚು ಮಾರುವುದಿಲ್ಲವೆಂದು ವಾಷಿಂಗ್ಟನ್ನಿನಲ್ಲಿ ಒಪ್ಪಂದ ಸಾರಿದ ಮೇಲೆ ಬೆಲೆ ಹಠಾತ್ತನೆ 320 ಡಾಲರ್ ದಾಟಿತು. ಆದರೆ ಜಗತ್ತು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಡಿಸೆಂಬರ್ ಕೊನೆಯ ದಿನಗಳಲ್ಲಿ ಅದು ಮತ್ತೆ 290ರ ಮಟ್ಟಕ್ಕೇ ಬಂದು ನಿಂತಿತ್ತು. 2001ರ ಏಪ್ರಿಲ್‌ನಲ್ಲಿ 260ಕ್ಕೂ ಕೆಳಗಿತ್ತು. ಅಂದರೆ ಬೆಲೆಯನ್ನು ಅಲುಗಿಸಿದ್ದು ಸರ್ಕಾರಗಳ ಹಾಗೂ ಕೇಂದ್ರ ಬ್ಯಾಂಕುಗಳ ನಿರ್ಧಾರಗಳು, ಗೃಹಸ್ಥನ ಭಯವಲ್ಲ.

ಹಾಗೆಂದು ಆ ಭಯಕ್ಕೆ ಬೆಲೆಯೇ ಇರಲಿಲ್ಲವೆಂದು ಭಾವಿಸಬಾರದು. ಇತ್ತು, ಅದು ಲೋಹದ ಧಾರಣೆಯಲ್ಲಿರಲಿಲ್ಲ, ಅಂಗಡಿಯ ಮೇಲುಬೆಲೆಯಲ್ಲಿತ್ತು. ಲೋಹದ ನಿಜಮೌಲ್ಯಕ್ಕಿಂತ ಹೆಚ್ಚಾಗಿ ನಾಣ್ಯಕ್ಕೆ ತೆರುವ ಹಣವು ಭೀತಿ ಏರಿದಂತೆ ಏರಿತು. 2000ದ ಜನವರಿ 1 ಶಾಂತವಾಗಿ ಉದಯಿಸಿದ ಮೇಲೆ ಕುಸಿಯಿತು. ಈಗಲ್ ನಾಣ್ಯಗಳ ಮಾರಾಟವು 2000ದಲ್ಲಿ ಹಿಂದಿನ ವರ್ಷದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಹಳೆಯ ಬೆಳ್ಳಿ ನಾಣ್ಯಗಳ ಚೀಲಗಳನ್ನು ಮರಳಿ ಮಾರಲು ಹೋದವರಿಗೆ ಬೆಳ್ಳಿಯ ಬೆಲೆ ದೊರೆಯಿತೇ ವಿನಾ ಭಯಕ್ಕೆ ತೆತ್ತ ಬೆಲೆ ಮರಳಲಿಲ್ಲ. ಆ ಹಣ ಮಾರಿದವನ ತಿಜೋರಿಯಲ್ಲಿ ಉಳಿಯಿತು. ವ್ಯಾಪಾರಿಯಾದವನು ನಿಂತು ಯೋಚಿಸಬೇಕಾದ ಸ್ಥಳ ಇದೇ. ಧಾರಣೆಯು ಜಗತ್ತಿನ ಕೈಯಲ್ಲಿದೆ. ಭಯಕ್ಕೆ ವಿಧಿಸುವ ಮೇಲುಬೆಲೆಯು ವ್ಯಾಪಾರಿಯ ಕೈಯಲ್ಲಿದೆ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಂಸ್ಥೆಯ ದೋಷಯುಕ್ತ ತಂತ್ರಾಂಶದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಏಕಕಾಲದಲ್ಲಿ ಸ್ಥಗಿತಗೊಂಡವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. 1999ರಲ್ಲಿ ಊಹೆಯಾಗಿದ್ದುದು ಇಲ್ಲಿ ಭಾಗಶಃ ನಿಜವೇ ಆಯಿತು. ಆದರೆ ಅಂದು ಅಂತರರಾಷ್ಟ್ರೀಯ ಪೇಟೆಯಲ್ಲಿ ಬಂಗಾರ ಏರುವುದಿರಲಿ, ಇಳಿಯಿತು. ನಾಲ್ಕು ದಿನಗಳ ಬಳಿಕ, ಜುಲೈ 23ರ ಆಯವ್ಯಯ ಪತ್ರದಲ್ಲಿ ಕೇಂದ್ರ ಸರ್ಕಾರವು ಚಿನ್ನ ಬೆಳ್ಳಿಗಳ ಆಮದು ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದಾಗ ನಮ್ಮ ಪೇಟೆಯಲ್ಲಿ ಬೆಲೆ ಒಮ್ಮೆಗೇ ಕುಸಿಯಿತು. ಅದೇ ತಿಂಗಳ ಕೊನೆಯಲ್ಲಿ ಸೈಬರ್ ದಾಳಿಯ ನಿಮಿತ್ತ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ, ಹೆಚ್ಚಾಗಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ, ಹಣ ಪಾವತಿ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಪ್ರತ್ಯೇಕಿಸಬೇಕಾಯಿತು. ಒಂದೆರಡು ದಿನಗಳಲ್ಲಿ ಅದು ಸರಿಹೋಯಿತು. ಕಂಪ್ಯೂಟರ್ ಕೆಟ್ಟರೆ ಚಿನ್ನ ಏರುತ್ತದೆಂಬ ಸರಳ ಸೂತ್ರವು ಎರಡು ಬಾರಿ ಒರೆಗೆ ಹಚ್ಚಲ್ಪಟ್ಟು ಎರಡು ಬಾರಿಯೂ ಹುಸಿಯಾಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಂಗಾರವು ಕಂಪ್ಯೂಟರಿನ ಹೊರಗಿನ ವಸ್ತುವೆಂಬ ನಂಬಿಕೆ ಇಂದು ಅರ್ಧಸತ್ಯ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಕ್ಕೆ ಆರು ಅಂಕಿ ಅಕ್ಷರಗಳ ಗುರುತು ಕಡ್ಡಾಯವಾಗಿದೆ. ಅದರ ವಿವರ ಇರುವುದು ಕಂಪ್ಯೂಟರಿನಲ್ಲಿ. ದಿನದ ಧಾರಣೆ ಬರುವುದು ಪರದೆಯ ಮೇಲೆ, ರಸೀದಿ ಹೊರಡುವುದು ಯಂತ್ರದಿಂದ, ಅಡವಿನ ಲೆಕ್ಕ ಇರುವುದು ಬ್ಯಾಂಕಿನ ಜಾಲದಲ್ಲಿ. ಮೊಬೈಲಿನಲ್ಲೇ ಕೊಳ್ಳುವ 'ಡಿಜಿಟಲ್ ಚಿನ್ನ'ವಂತೂ ಕಂಪ್ಯೂಟರಿನ ಅಂಕಿಯ ರೂಪದಲ್ಲೇ ನಮ್ಮ ಕೈಸೇರುತ್ತದೆ. ಅದು ತನ್ನ ನಿಯಂತ್ರಣದಲ್ಲಿಲ್ಲವೆಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿತು. ಯಂತ್ರದ ಭಯಕ್ಕೆ ಬಂಗಾರದ ಮೊರೆಹೋದವನು ಬಾಗಿಲು ದಾಟಿ ಅದೇ ಮನೆಯ ಇನ್ನೊಂದು ಕೋಣೆಗೆ ಹೋದಂತಾಗುತ್ತದೆ.

ಇಲ್ಲಿ ಪ್ರಾಮಾಣಿಕ ಓದುಗರೊಬ್ಬರು ಆಕ್ಷೇಪವೆತ್ತಬಹುದು. "1999ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನಾಲ್ಕು ಸಾವಿರ ರೂಪಾಯಿಗಳಿಗೆ ತುಸು ಮೇಲಿತ್ತು; 2025ರ ಏಪ್ರಿಲ್‌ನಲ್ಲಿ ಅದು ಒಂದು ಲಕ್ಷವನ್ನು ಮುಟ್ಟಿತು. ಹೆದರಿ ಕೊಂಡವನೇ ಗೆದ್ದನಲ್ಲವೇ?" ಆಕ್ಷೇಪ ಹಗುರವಾದುದಲ್ಲ, ಉತ್ತರಿಸಲೇಬೇಕು. ಮೊದಲನೆಯದಾಗಿ, ಅವನನ್ನು ಕೊಳ್ಳಲು ಪ್ರೇರಿಸಿದ ಭಯ ನಿಜವಾಗಲಿಲ್ಲ. ಬೆಲೆ ಏರಿದ್ದು ಬೇರೆ ಕಾರಣಗಳಿಂದ: ಡಾಲರಿಗೆ 43 ರೂಪಾಯಿಗಳ ಆಸುಪಾಸಿನಲ್ಲಿದ್ದ ವಿನಿಮಯ ದರ 85ರ ಆಸುಪಾಸಿಗೆ ಹೋದುದು, 2008ರ ಆರ್ಥಿಕ ಬಿಕ್ಕಟ್ಟು, 2022ರ ಯುದ್ಧದ ಅನಂತರ ಕೇಂದ್ರ ಬ್ಯಾಂಕುಗಳ ಭಾರಿ ಖರೀದಿ ಇತ್ಯಾದಿ. ಎರಡನೆಯದಾಗಿ, ಭಯದಿಂದ ಕೊಂಡವನು ಭಯ ಇಳಿದಾಗ ಮಾರುವುದೇ ಹೆಚ್ಚು. ಇಪ್ಪತ್ತೈದು ವರ್ಷ ಕಾಯ್ದವರು ಮಗಳ ಮದುವೆಗೆಂದೋ ಮನೆತನದ ಒಡವೆಯೆಂದೋ ನಿರಾತಂಕವಾಗಿ ಇಟ್ಟುಕೊಂಡವರು. ಮೂರನೆಯದು ಮುಖ್ಯವಾದುದು. ನಮ್ಮ ಸಿದ್ಧಾಂತದಲ್ಲಿ ಬಂಧಕ್ಕೆ ಕಾರಣ ಪರಿಣಾಮವಲ್ಲ, ಭಾವ. ಲಾಭ ಬಂದಿತೆಂಬ ಮಾತ್ರಕ್ಕೆ ಅಂದಿನ ಭಯವು ವಿವೇಕವಾಗಿ ಬದಲಾಗದು. ಕಣ್ಣುಮುಚ್ಚಿ ಹೊಳೆ ದಾಟಿದವನು ದಡ ಸೇರಿದರೂ ಅವನ ನಡೆ ಅನುಕರಣೀಯವಲ್ಲ.

ನಮ್ಮ ಆಚಾರ್ಯರು ಭಯವನ್ನು ಏಳಾಗಿ ವಿಂಗಡಿಸಿದ್ದಾರೆ: ಇಹಲೋಕಭಯ, ಪರಲೋಕಭಯ, ವೇದನಾಭಯ, ಅರಕ್ಷಾಭಯ, ಅಗುಪ್ತಿಭಯ, ಮರಣಭಯ, ಆಕಸ್ಮಿಕಭಯ. ಸಮ್ಯಗ್ದೃಷ್ಟಿಯು ಈ ಏಳರಿಂದಲೂ ಮುಕ್ತನೆಂಬುದು ನಿಃಶಂಕಿತ ಅಂಗದ ತಾತ್ಪರ್ಯ. ಕಂಪ್ಯೂಟರ್ ಭೀತಿಯನ್ನು ಈ ಪಟ್ಟಿಯಲ್ಲಿಟ್ಟು ನೋಡಿದರೆ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ಏನೋ ಹಠಾತ್ತನೆ ಸಂಭವಿಸೀತೆಂಬುದು ಆಕಸ್ಮಿಕಭಯ; ಕಾಪಾಡುವವರು ಇಲ್ಲವೆಂಬುದು ಅರಕ್ಷಾಭಯ; ನನ್ನ ಗಂಟು ಭದ್ರವಾಗಿಲ್ಲವೆಂಬುದು ಅಗುಪ್ತಿಭಯ. ಮೊದಲಿನ ಎರಡನ್ನು ಕಳೆಯಲೆಂದು ಕೊಂಡ ಬಂಗಾರವು ಮೂರನೆಯದನ್ನು ಇಮ್ಮಡಿಸುತ್ತದೆ. ಚಿನ್ನ ಕೊಂಡ ರಾತ್ರಿಯಿಂದ ಅದನ್ನು ಎಲ್ಲಿಡುವುದು, ಯಾರಿಗೆ ತಿಳಿಯಿತು ಎಂಬ ಚಿಂತೆ ಆರಂಭವಾಗುತ್ತದೆ. ವಿಷಯಸಂರಕ್ಷಣೆಯಲ್ಲಿಯೇ ಮನಸ್ಸು ನೆಟ್ಟಿರುವ ಸ್ಥಿತಿಯನ್ನು ಶಾಸ್ತ್ರವು ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಒಂದಾಗಿ ಎಣಿಸಿದೆ ಎಂಬುದನ್ನು ಮರೆಯಲಾಗದು.

ಹಾಗಾದರೆ ಗೃಹಸ್ಥನು ಚಿನ್ನವನ್ನೇ ಇಟ್ಟುಕೊಳ್ಳಬಾರದೇ? ಹಾಗೆಂದು ಯಾವ ಆಚಾರ್ಯರೂ ಹೇಳಿಲ್ಲ. ಪರಿಗ್ರಹಪರಿಮಾಣ ಅಣುವ್ರತದಲ್ಲಿ ಹೊಲಮನೆ, ಧನಧಾನ್ಯಗಳ ಜೊತೆಗೆ ಹಿರಣ್ಯ ಸುವರ್ಣಗಳನ್ನು, ಅಂದರೆ ಬೆಳ್ಳಿ ಬಂಗಾರಗಳನ್ನು, ಹೆಸರಿಸಿಯೇ ಹೇಳಲಾಗಿದೆ. ಮಿತಿಯನ್ನು ತಾನೇ ಗೊತ್ತುಮಾಡಿಕೊಂಡು ಅದನ್ನು ಮೀರದಿರುವುದು ವ್ರತ, ಮೀರುವುದು ಅತಿಚಾರ. ನಮ್ಮ ಈ ನಾಲ್ಕು ತಾಲ್ಲೂಕುಗಳ ಬಾಳನ್ನು ಬಲ್ಲವರಿಗೆ ಮಿತಿಯೊಳಗಿನ ಚಿನ್ನದ ಉಪಯೋಗವನ್ನು ವಿವರಿಸಬೇಕಿಲ್ಲ. ಕಾಲುವೆಯ ನೀರು ಕಾಣುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಬ್ಬಿನ ಹಣ ಕೈಸೇರಿದಾಗ ಒಕ್ಕಲು ಮನೆಯವರು ಒಂದೆರಡು ಗ್ರಾಂ ಕೊಳ್ಳುತ್ತಾರೆ. ಬಹುಭಾಗ ಮಳೆಯನ್ನೇ ನೆಚ್ಚಿದ ನಾಗಮಂಗಲದಲ್ಲಿ, ಕೃಷ್ಣರಾಜಪೇಟೆಯ ಮೇಡುಗಾಡಿನ ಊರುಗಳಲ್ಲಿ, ಮಳೆ ಕೈಕೊಟ್ಟ ವರ್ಷ ಅದೇ ಓಲೆ, ಬಳೆ ಅಡವಿಗೆ ಹೋಗಿ ಬಿತ್ತನೆ ಬೀಜವಾಗಿ ಹೊಲ ಸೇರುತ್ತದೆ. ಫಸಲು ಬಂದಾಗ ಬಿಡಿಸಿಕೊಂಡು ಮರಳುತ್ತದೆ. ಇದು ಆಪದ್ಧನ. ಇದರ ಹಿಂದಿರುವುದು ಭಯವಲ್ಲ, ದೂರದೃಷ್ಟಿ. ಪರಿಗ್ರಹದ ಮೂಲವು ವಸ್ತುವಿನಲ್ಲಿಲ್ಲ, ಮಮತ್ವದ ಮೂರ್ಛೆಯಲ್ಲಿದೆ ಎಂಬ ತತ್ತ್ವಾರ್ಥಸೂತ್ರದ ನಿಲುವನ್ನು ಇಲ್ಲಿ ನೆನೆಯಬೇಕು. ಒಂದೇ ತೂಕದ ಚಿನ್ನ ಒಬ್ಬನಲ್ಲಿ ಆಪದ್ಧನವಾಗಿ, ಇನ್ನೊಬ್ಬನಲ್ಲಿ ಮೂರ್ಛೆಯಾಗಿ ಇರಬಲ್ಲದು. ತಾನು ಹಾಕಿಕೊಂಡ ಮಿತಿಯನ್ನು ಸುದ್ದಿಯೊಂದನ್ನು ಕೇಳಿ ಮುರಿಯುವಂತಾದರೆ ಅಂದೇ ಮೂರ್ಛೆ ಆರಂಭವಾಯಿತೆಂದು ತಿಳಿಯಬೇಕು.

ಇನ್ನು ಮಾರುವವನ ವಿಚಾರ. ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ಕಳ್ಳಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸ, ಕಲಬೆರಕೆ ಇವು ಸರ್ವವಿದಿತ. 'ವಿರುದ್ಧರಾಜ್ಯಾತಿಕ್ರಮ' ಎಂಬುದನ್ನು ಮಾತ್ರ ರಾಜ್ಯದ ಕಾನೂನನ್ನು ಮೀರುವುದೆಂದಷ್ಟೇ ಅರ್ಥೈಸಿ ನಾವು ಮುಂದೆ ಸಾಗುತ್ತೇವೆ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದ್ದಾರೆ. ರಾಜ್ಯವು ಕ್ಷೋಭೆಗೊಳಗಾದಾಗ ಬೆಲೆಬಾಳುವ ವಸ್ತುಗಳು ಅಲ್ಪಮೌಲ್ಯಕ್ಕೆ ದೊರೆತಾವೆಂದು ಹವಣಿಸುವುದೇ ಆ ದೋಷವೆಂಬುದು ಅವರ ಅಭಿಪ್ರಾಯದ ಸಾರ. ಉಚಿತವಾದ ನ್ಯಾಯವನ್ನು ಬಿಟ್ಟು ಕೊಡುಕೊಳ್ಳುವುದೇ ಅತಿಕ್ರಮ. ತೂಕ ಸರಿಯಿದ್ದರೂ, ಲೋಹ ಶುದ್ಧವಾಗಿದ್ದರೂ, ಎದುರಿಗಿರುವವನ ದಿಕ್ಕೆಟ್ಟ ಸ್ಥಿತಿಯೇ ಲಾಭದ ಮೂಲವಾದರೆ ಆ ಲಾಭದಲ್ಲಿ ಚೌರ್ಯದ ಲೇಪವಿದೆ.

ಈ ಮಾತಿಗೆ ಭಾಷ್ಯ ಬೇಕಾದವರು ದೂರ ಹೋಗಬೇಕಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಹತನಾದ ರಾತ್ರಿ ಪಟ್ಟಣವು ಲೂಟಿಗೆ ಈಡಾಯಿತು. ಮರುದಿನ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಕೊಳ್ಳೆ ನಿಂತುದು. ಸೈನಿಕರು ತಾವು ಬೆಲೆಯರಿಯದ ಒಡವೆಗಳನ್ನು ಅಲ್ಪ ಕಾಸಿಗೆ ಮಾರಿಬಿಟ್ಟರು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಪಾಲು ಹಂಚಿಕೆಗಾಗಿ ಒಡೆದು ಚೂರುಮಾಡಲಾಯಿತು. ಅದರ ಹುಮಾ ಪಕ್ಷಿಯೂ ಹುಲಿಯ ತಲೆಯೂ ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಕೋಟೆಯೊಳಗೆ ರಾಶಿಗಟ್ಟಲೆ ಇದ್ದ ಬಂಗಾರವು ಕೋಟೆಯನ್ನು ಕಾಯಲಿಲ್ಲ. ಕೋಟೆಯೇ ಬಂಗಾರವನ್ನು ಕಾಯುತ್ತಿತ್ತು. ಕಾಯುವುದು ಬಿದ್ದೊಡನೆ ಅದು ಮಾಲೀಕನನ್ನು ಬದಲಿಸಿತು. ಅಂದು ಸಿಪಾಯಿಯ ಕೈಯಿಂದ ಕಾಸಿಗೆ ವಜ್ರ ಕೊಂಡವನು ತನ್ನನ್ನು ಜಾಣ ವ್ಯಾಪಾರಿಯೆಂದೇ ತಿಳಿದಿದ್ದಾನು. ಪೂಜ್ಯಪಾದರ ತಕ್ಕಡಿಯಲ್ಲಿ ಅವನ ತೂಕ ಬೇರೆ.

ದಿಕ್ಕೆಟ್ಟವನಿಂದ ಅಗ್ಗಕ್ಕೆ ಕೊಳ್ಳುವುದು ದೋಷವಾದರೆ, ಭಯಗೊಂಡವನಿಗೆ ದುಬಾರಿಯಾಗಿ ಮಾರುವುದೂ ಅದೇ ದೋಷದ ಇನ್ನೊಂದು ಮುಖ. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ವ್ಯಾಪಾರಿಗಳು ಬಲು ಬೇಗ ನೆನೆಯುತ್ತಾರೆ. ಆದರೆ ಒಕ್ಕಲಿಗನು ತೂರಿಕೊಳ್ಳುವುದು ಸ್ವಂತ ಕಣದ ರಾಶಿಯನ್ನು, ನೆರೆಯವನ ಕಣದ್ದನ್ನಲ್ಲ. ಯುದ್ಧದ ಸುದ್ದಿ, ಬ್ಯಾಂಕಿನ ವದಂತಿ, ಯಂತ್ರ ಕೆಡುವ ಪುಕಾರು ಇವುಗಳನ್ನು ಅಂಗಡಿಯ ಗಲ್ಲಾದ ಮೇಲೆ ಕುಳಿತು ಹಿಗ್ಗಿಸಿ ಹೇಳುವವನು ಚಿನ್ನವನ್ನು ಮಾರುತ್ತಿಲ್ಲ, ಭಯವನ್ನು ಮಾರುತ್ತಿದ್ದಾನೆ. ಇಲ್ಲಿ ಸತ್ಯಾಣುವ್ರತಕ್ಕೂ ಭಂಗವಿದೆ. ಗ್ರಾಹಕನು ಹೆದರಿ ಬಂದಾಗ ಇಂದಿನ ಧಾರಣೆ ಇಷ್ಟು, ತಯಾರಿಕಾ ಕೂಲಿ ಇಷ್ಟು, ಮರಳಿ ಮಾರಿದರೆ ಕೈಗೆ ಬರುವುದು ಇಷ್ಟು, ನಿನ್ನ ಉಳಿತಾಯವನ್ನೆಲ್ಲ ಇದರಲ್ಲಿ ಹೂಡಬೇಡ ಎಂದು ಹೇಳುವುದರಿಂದ ಒಂದು ದಿನದ ವ್ಯಾಪಾರ ತಗ್ಗಬಹುದು. ಆದರೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯದಾನವು ಮುನಿಗಳಿಗಷ್ಟೇ ಮೀಸಲಾದುದಲ್ಲ. ನಿಜವನ್ನು ನುಡಿದು ಒಬ್ಬನ ಭಯವನ್ನು ಇಳಿಸಿದ ವ್ಯಾಪಾರಿಯೂ ಅದನ್ನು ಮಾಡಿದಂತೆಯೇ ಸರಿ.

ಭಯವನ್ನು ಬಿಡಿ ಎಂದರೆ ಎಚ್ಚರವನ್ನೂ ಬಿಡಿ ಎಂದರ್ಥವಲ್ಲ. 2000ದ ಜನವರಿ 1 ಶಾಂತವಾಗಿ ಕಳೆದುದನ್ನು ಕಂಡು, ಎಲ್ಲವೂ ಸುಳ್ಳು ಗುಲ್ಲಾಗಿತ್ತೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ದೋಷ ನಿಜವಾಗಿಯೂ ಇತ್ತು. ಅಂದು ಕೂಡ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳ ಮಾಹಿತಿ ಸಂಸ್ಕರಣೆ ಕೆಲಕಾಲ ನಿಂತುಹೋಗಿತ್ತು. ಹೆಚ್ಚಿನ ಹಾನಿಯಾಗದಿರಲು ಕಾರಣ, ವರ್ಷಗಟ್ಟಲೆ ಕುಳಿತು ಲಕ್ಷಾಂತರ ಸಾಲುಗಳ ಪ್ರೋಗ್ರಾಂಗಳನ್ನು ಒಂದೊಂದಾಗಿ ತಿದ್ದಿದ ತಂತ್ರಜ್ಞರು. ಅವರಲ್ಲಿ ಬೆಂಗಳೂರಿನ ಕಂಪೆನಿಗಳಲ್ಲಿ ದುಡಿದ ಕನ್ನಡದ ಯುವಕ ಯುವತಿಯರೂ ಇದ್ದರು. ಆ ಕೆಲಸವೇ ನಮ್ಮ ನಾಡಿನ ತಂತ್ರಾಂಶ ಉದ್ಯಮಕ್ಕೆ ಹೊರಜಗತ್ತಿನಲ್ಲಿ ಹೆಸರು ತಂದ ಕಾರಣಗಳಲ್ಲಿ ಒಂದು. ಒಂದೇ ಸುದ್ದಿಯನ್ನು ಕೇಳಿ ಒಬ್ಬನು ನಾಣ್ಯದ ಚೀಲವನ್ನು ಬಚ್ಚಿಟ್ಟನು. ಇನ್ನೊಬ್ಬನು ದೋಷವನ್ನು ಹುಡುಕಿ ತಿದ್ದಿದನು. ಮೊದಲನೆಯದು ಭಯ, ಎರಡನೆಯದು ಅಪ್ರಮಾದ. ಜಗತ್ತನ್ನು ಕಾಪಾಡಿದ್ದು ಎರಡನೆಯದು.

ಈ ಅಪ್ರಮಾದವನ್ನು ನಮ್ಮ ಬಸದಿಗಳ ಟ್ರಸ್ಟುಗಳು ವಿಶೇಷವಾಗಿ ರೂಢಿಸಿಕೊಳ್ಳಬೇಕು. ಕಂಪ್ಯೂಟರ್ ಕೆಟ್ಟರೆ ಟ್ರಸ್ಟಿಗೆ ಆಗುವ ನಿಜವಾದ ನಷ್ಟ ಚಿನ್ನದ್ದಲ್ಲ, ದಾಖಲೆಯದು. ಇಪ್ಪತ್ತೈದು ವರ್ಷಗಳ ಹಿಂದೆ 'ಭೂಮಿ' ಯೋಜನೆಯಿಂದ ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಬಂದವು. ನಮ್ಮ ಲೆಕ್ಕಪತ್ರ, ದಾನಿಗಳ ಪಟ್ಟಿ, ಜಿನಬಿಂಬಗಳ ಛಾಯಾಚಿತ್ರಗಳು ಕೂಡ ಈಗ ಒಂದೇ ಯಂತ್ರದಲ್ಲಿ, ಅನೇಕ ವೇಳೆ ಒಬ್ಬನೇ ಗುಮಾಸ್ತನ ಗುಪ್ತಪದದ ಹಿಂದೆ ಇವೆ. ಬಿಂಬಗಳ ಅಳತೆ, ತೂಕ, ಲೋಹ, ಚಿತ್ರಗಳನ್ನು ಕಾಗದದಲ್ಲಿ ಮುದ್ರಿಸಿ ಮೂರು ಕಡೆ ಇಡುವುದು, ವರ್ಷಕ್ಕೊಮ್ಮೆ ಪಂಚರ ಸಮಕ್ಷಮ ಪಟ್ಟಿಯೊಡನೆ ತಾಳೆ ನೋಡುವುದು, ಜಮೀನಿನ ದೃಢೀಕೃತ ಪ್ರತಿಗಳನ್ನು ತೆಗೆದಿರಿಸುವುದು, ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಈ ವಿಷಯದಲ್ಲಿ ನೆರೆಯವರಿಂದ ಕಲಿಯುವುದಕ್ಕೆ ಸಂಕೋಚ ಬೇಡ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿಯನ್ನು ಮಂಡ್ಯದ ಖಜಾನೆಯಲ್ಲಿರಿಸಿ, ಉತ್ಸವಕ್ಕೆ ಅಧಿಕಾರಿಗಳ ಹಾಗೂ ಪೊಲೀಸರ ಕಾವಲಿನಲ್ಲಿ ಊರೂರ ಜನರ ಕಣ್ಣೆದುರಿನಲ್ಲೇ ಕೊಂಡೊಯ್ಯುತ್ತಾರೆ. ದೇವರ ಬಂಗಾರದ ಭದ್ರತೆಯು ಗುಟ್ಟಿನಲ್ಲಿಲ್ಲ, ಎಲ್ಲರೆದುರು ಒಪ್ಪಿಸುವ ಕ್ರಮದಲ್ಲಿದೆ. ಟ್ರಸ್ಟಿನ ಹಣವನ್ನು ಸುದ್ದಿ ಕೇಳಿದೊಡನೆ ಚಿನ್ನವಾಗಿ ಮಾರ್ಪಡಿಸುವ ಆತುರವನ್ನೂ ತಡೆಯಬೇಕು. ಠೇವಣಿ ಯೋಜನೆಗಳನ್ನು ನಂಬುವ ಮುನ್ನ ಅವುಗಳ ಇಂದಿನ ಸ್ಥಿತಿಯನ್ನು ತಿಳಿಯಬೇಕು; 2015ರಲ್ಲಿ ಬಂದ ಚಿನ್ನ ನಗದೀಕರಣ ಯೋಜನೆಯ ಮಧ್ಯಮ ಹಾಗೂ ದೀರ್ಘಾವಧಿ ಠೇವಣಿಗಳನ್ನು ಸರ್ಕಾರವು 2025ರ ಮಾರ್ಚ್ 26ರಿಂದ ನಿಲ್ಲಿಸಿತು.

ದಾನಚಿಂತಾಮಣಿ ಅತ್ತಿಮಬ್ಬೆಯು ಸುವರ್ಣದ ಜಿನಬಿಂಬಗಳನ್ನು ದಾನಮಾಡಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಯಿಸಿ ಹಂಚಿದಳು. ಆ ಚಿನ್ನದ ಬಿಂಬಗಳು ಎಲ್ಲಿ ಹೋದವೆಂದು ನಾವು ಕೇಳುವುದಿಲ್ಲ. ಶಾಂತಿಪುರಾಣವು ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ. ಹಲವೆಡೆ ಹಂಚಿಟ್ಟುದು ಉಳಿಯುತ್ತದೆ. ಒಂದೆಡೆ ಕೂಡಿಟ್ಟುದು ಕಳ್ಳನಿಗೂ ಕಾಲಕ್ಕೂ ಈಡಾಗುತ್ತದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ ಅದರ ಮುಂದಿನ ಮಾನಸ್ತಂಭವೂ ಸಾವಿರ ವರ್ಷಗಳಿಂದ ನಿಂತಿವೆ. ಆ ಕಂಬದಲ್ಲಿ ಬಂಗಾರವಿಲ್ಲ. ಅಹಂಕಾರವನ್ನು ಇಳಿಸುವುದೇ ಅದರ ಕೆಲಸ. ಬಂಗಾರವನ್ನು ಮಿತಿಯಲ್ಲಿಟ್ಟು, ದಾಖಲೆಯನ್ನು ಜೋಪಾನವಾಗಿರಿಸಿ, ಭಯಗೊಂಡು ಬಂದವನಿಗೆ ನಿಜವನ್ನು ಹೇಳುವ ಶ್ರಾವಕನಿಗೆ ಯಂತ್ರಗಳು ನಡೆದರೂ ನಿಂತರೂ ವ್ರತವು ನಡೆಯುತ್ತಲೇ ಇರುತ್ತದೆ. ಅದನ್ನು ಕೊಳ್ಳಲು ಯಾವ ಪೇಟೆಗೂ ಹೋಗಬೇಕಿಲ್ಲ.